20 ಮನೆ, 180 ಅರ್ಜಿ: ಪಂಚಾಯಿತಿ ಮೊದಲು ಯಾವುದನ್ನು ಹಿಡಿಯಬೇಕು?

ಪ್ರಶ್ನೆ: ನಾನು ಶಿರಾ ಸೀಮೆಯ ಒಂದು ಗ್ರಾಮ ಪಂಚಾಯಿತಿಗೆ ಮೊದಲ ಸಲ ಗೆದ್ದು ಬಂದವಳು. ಬೆಳಿಗ್ಗೆ ಬಾಗಿಲು ತೆಗೆದರೆ ಸಾಕು, "ಒಂದು ಮನೆ ಹಾಕಿಸಿಕೊಡಿ" ಅಂತ ಜನ ನಿಂತಿರುತ್ತಾರೆ. ಈ ಸಲ ನಮ್ಮ ಪಂಚಾಯಿತಿಗೆ ಬಂದಿರುವುದು 20 ಮನೆ. ಅರ್ಜಿ 180 ದಾಟಿವೆ. ಅಧ್ಯಕ್ಷರು ಮೊದಲು ಸಮುದಾಯ ಭವನ ಆಗಲಿ ಅನ್ನುತ್ತಾರೆ. ನಮ್ಮ ಬೀದಿಯ ಹೆಂಗಸರು ಲೈಟು, ನೀರು ಅನ್ನುತ್ತಾರೆ. ಹಣ ಇಲ್ಲ ಅನ್ನುವುದರಲ್ಲಿ ಮಾತ್ರ ಎಲ್ಲರಿಗೂ ಒಮ್ಮತ ಇದೆ. ನಾನು ಯಾವುದನ್ನು ಮೊದಲು ಹಿಡಿಯಲಿ? ಇನ್ನೊಂದು ವಿಷಯ. "ಸಭೆಯ ನಿರ್ಣಯದ ನಡವಳಿ ಆಮೇಲೆ ಬರೆಯುತ್ತೇವೆ, ಈಗ ಸಹಿ ಮಾಡಿ ಹೋಗಿ" ಅನ್ನುತ್ತಾರೆ. ಮಾಡಬಹುದಾ?

ಉತ್ತರ: ನೋಡಿ ತಾಯಿ, ಮನೆಗಳ ಸಂಖ್ಯೆ ನಿಮ್ಮ ಕೈಯಲ್ಲಿಲ್ಲ. ಅದು ಮೇಲಿಂದ ಬರುತ್ತದೆ. ಬೀದಿ ದೀಪ, ಕುಡಿಯುವ ನೀರು, ಚರಂಡಿ ನಿಮ್ಮ ಕೈಯಲ್ಲಿವೆ. ಜನ ನಿಮ್ಮ ಬಾಗಿಲಿಗೆ ಬರುವುದು ಮಾತ್ರ ಕೈಯಲ್ಲಿಲ್ಲದ್ದಕ್ಕೆ. ಹೊಸ ಸದಸ್ಯರು ಐದು ವರ್ಷವನ್ನೂ ಆ ಬಾಗಿಲಲ್ಲೇ ಕಳೆದುಬಿಡುತ್ತಾರೆ. ನಾನು ಪಿಡಿಒ, ಅಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಆಗಿದ್ದಾಗಲೂ ಇದನ್ನೇ ಕಂಡೆ, ಈಗ ಸದಸ್ಯರಿಗೆ ತರಬೇತಿ ಕೊಡುವಾಗಲೂ ಇದನ್ನೇ ಕಾಣುತ್ತೇನೆ.

ಕಾನೂನು ಏನು ಹೇಳುತ್ತದೆ ಅಂತ ಒಮ್ಮೆ ನೋಡಿ. 1993ರ ನಮ್ಮ ಪಂಚಾಯತ್ ರಾಜ್ ಕಾಯ್ದೆಗೆ ಈಗ ಗ್ರಾಮ ಸ್ವರಾಜ್ ಅನ್ನುವ ಹೆಸರೂ ಸೇರಿದೆ. ಅದರ 58ನೇ ಪ್ರಕರಣದಲ್ಲಿ (1-ಎ) ಅಂತ ಒಂದು ಭಾಗ ಇದೆ. ಪಂಚಾಯಿತಿ ಮಾಡಲೇಬೇಕಾದ ಕೆಲಸಗಳು ಅಲ್ಲಿವೆ. ಕಕ್ಕಸು, ನೀರು ಸರಬರಾಜು, ಚರಂಡಿ, ಬೀದಿ, ಸಾಕಷ್ಟು ದೀಪ ಹಾಕಿ ಅದರ ಕರೆಂಟ್ ಬಿಲ್ ಕಟ್ಟುವುದು, ಒತ್ತುವರಿ ತೆಗೆಸುವುದು, ಮಕ್ಕಳೆಲ್ಲ ಶಾಲೆಗೆ ಸೇರುವಂತೆ, ಎಲ್ಲರಿಗೂ ಲಸಿಕೆ ಬೀಳುವಂತೆ ನೋಡಿಕೊಳ್ಳುವುದು, ಜನನ ಮರಣ ದಾಖಲು, ಕಾಲಕಾಲಕ್ಕೆ ತೆರಿಗೆ ಪರಿಷ್ಕರಿಸಿ ವಸೂಲು ಮಾಡುವುದು, ಇಂಥವು. ಸಮುದಾಯ ಭವನ ಕಟ್ಟುವುದು ಆ ಪಟ್ಟಿಯಲ್ಲಿಲ್ಲ. ಇರುವ ಆಸ್ತಿಯನ್ನು ಚೆನ್ನಾಗಿ ಇಟ್ಟುಕೊಳ್ಳಿ ಅಂತ ಇದೆ. ಆ ಪುಟವನ್ನು ಜೆರಾಕ್ಸ್ ಮಾಡಿಸಿ ಬ್ಯಾಗಿನಲ್ಲಿ ಇಟ್ಟುಕೊಳ್ಳಿ. ಸಭೆಯಲ್ಲಿ ದನಿ ಎತ್ತಿ ವಾದ ಮಾಡುವುದಕ್ಕಿಂತ ಆ ಹಾಳೆ ಓದುವುದು ಜಾಸ್ತಿ ಕೆಲಸ ಮಾಡುತ್ತದೆ.

ಈಗ ಮನೆ ವಿಷಯಕ್ಕೆ ಬರೋಣ. ಜನ ಕೇಳುತ್ತಿರುವುದು ಅದನ್ನೇ, ತಳ್ಳಿಹಾಕೋಕೆ ಆಗುವುದಿಲ್ಲ.

180 ಅರ್ಜಿ ಇವೆ ಅಂದಿರಿ. ಅರ್ಜಿ ಹಾಕಿದವರ ಪಟ್ಟಿ ಬೇರೆ, ಮನೆ ಇಲ್ಲದವರ ಪಟ್ಟಿ ಬೇರೆ. ನಾನಿದ್ದ ಒಂದು ಪಂಚಾಯಿತಿಯಲ್ಲಿ ಊರ ಹಿಂದಿನ ಜಾಲಿ ಮರದ ಬುಡದಲ್ಲಿ ಒಬ್ಬ ಅಜ್ಜಿ ನಾಲ್ಕು ತಗಡು ಕಟ್ಟಿಕೊಂಡು ಇದ್ದಳು. ಅವಳ ಹೆಸರು ಯಾವ ಪಟ್ಟಿಯಲ್ಲೂ ಇರಲಿಲ್ಲ. ಯಾಕಜ್ಜಿ ಅರ್ಜಿ ಹಾಕಲಿಲ್ಲ ಅಂದರೆ, "ಯಾರೂ ಕೇಳಲಿಲ್ಲವಲ್ಲಪ್ಪ" ಅಂದಳು. ಅದೇ ಸಾಲಿನ ಪಟ್ಟಿಯಲ್ಲಿ ತಾರಸಿ ಮನೆ ಇದ್ದವರು, ಮಗನ ಹೆಸರಲ್ಲಿ, ಸೊಸೆ ಹೆಸರಲ್ಲಿ ಬೇರೆ ಬೇರೆ ಅರ್ಜಿ ಕೊಟ್ಟವರು ಇದ್ದರು. ಅಜ್ಜಿಗೆ ಪಂಚಾಯಿತಿ ಕಚೇರಿ ನೂರು ಹೆಜ್ಜೆ ದೂರ. ಅರ್ಜಿ ನಮೂನೆ ಮಾತ್ರ ಅವಳ ಕೈಗೆ ಎಟುಕದಷ್ಟು ದೂರ.

ಹಾಗಾಗಿ ಅರ್ಜಿ ಎಣಿಸುವ ಮೊದಲು ನಿಮ್ಮ ವಾರ್ಡನ್ನು ನಡೆದು ನೋಡಿ. ಒಂದು ನೋಟ್‌ಬುಕ್ ಸಾಕು. ಸೂರೇ ಇಲ್ಲದವರು ಯಾರು? ಗುಡಿಸಲು, ಬಿದ್ದ ಗೋಡೆ, ತಗಡಿನ ಶೆಡ್ಡು ಎಲ್ಲಿವೆ? ಒಂದೇ ಕೋಣೆಯಲ್ಲಿ ಮೂರು ಸಂಸಾರ ಇರುವುದು ಎಲ್ಲಿ? ಕೇಂದ್ರದ ಆವಾಸ್ ಗ್ರಾಮೀಣ ಯೋಜನೆಯೂ ಹೆಚ್ಚು ಕಡಿಮೆ ಇದೇ ಕ್ರಮ ಹಿಡಿಯುತ್ತದೆ. ಮೊದಲು ಮನೆ ಇಲ್ಲದವರು, ಆಮೇಲೆ ಕಚ್ಚಾ ಮನೆಯಲ್ಲಿ ಇರುವವರು, ಅದರಲ್ಲೂ ಕೋಣೆ ಕಡಿಮೆ ಇದ್ದಷ್ಟೂ ಮುಂದೆ. ಬೈಕ್ ಇದ್ದರೆ ಮನೆ ಬರುವುದಿಲ್ಲ ಅಂತ ಊರಲ್ಲಿ ಇನ್ನೂ ಹೇಳಿಕೊಂಡು ಓಡಾಡುತ್ತಾರೆ. ಅದು ಹಳೆಯ ಮಾತು. 2024ರಲ್ಲಿ ಬೈಕ್, ಫ್ರಿಜ್ಜು, ಲ್ಯಾಂಡ್‌ಲೈನ್ ಫೋನಿನ ಅಡ್ಡಿ ತೆಗೆದುಹಾಕಿದರು. ಮನೆಯಲ್ಲಿ ಯಾರಾದರೂ ತಿಂಗಳಿಗೆ 15,000ಕ್ಕಿಂತ ಹೆಚ್ಚು ದುಡಿದರೆ ಆಗುವುದಿಲ್ಲ ಅಂತ ಮಾಡಿದರು. ಮೊದಲು ಆ ಮಿತಿ 10,000 ಇತ್ತು. ಬೈಕ್ ಇದೆ ಅಂತ ಸುಮ್ನೆ ಕೂತವರು ನಿಮ್ಮ ವಾರ್ಡಿನಲ್ಲೂ ಇರಬಹುದು, ಹೇಳಿ ಅವರಿಗೆ.

ಹೊಸ ಮನೆಗಿಂತ ಮೊದಲು ಇನ್ನೊಂದು ಪಟ್ಟಿ ಬೇಕು. ಯಾರೂ ಅದನ್ನು ಮಾಡುವುದಿಲ್ಲ. ಅರ್ಧಕ್ಕೆ ನಿಂತ ಮನೆಗಳ ಪಟ್ಟಿ. ತಳಪಾಯ ಹಾಕಿ ಬಿಟ್ಟಿದ್ದು, ಲಿಂಟಲ್ ಮಟ್ಟಕ್ಕೆ ನಿಂತಿದ್ದು, ಗೋಡೆಯ ಮೇಲೆ ಹುಲ್ಲು ಬೆಳೆದಿದ್ದು ಪ್ರತಿ ಊರಲ್ಲೂ ಸಿಗುತ್ತವೆ. ಆವಾಸ್ ಯೋಜನೆಯಲ್ಲಿ ಬಯಲು ಸೀಮೆಯ ಮನೆಗೆ ಕೊಡುವುದು 1,20,000 ರೂಪಾಯಿ. ಅದರಲ್ಲಿ 72,000 ಕೇಂದ್ರದ್ದು, 48,000 ರಾಜ್ಯದ್ದು. ಈ ದರ 2016ರಲ್ಲಿ ನಿಗದಿಯಾಗಿದ್ದು. ಮನೆ ಕನಿಷ್ಠ 25 ಚದರ ಮೀಟರ್, ಅಂದರೆ ಸುಮಾರು 270 ಚದರ ಅಡಿ ಇರಬೇಕು. ಈಗಿನ ಸಿಮೆಂಟು, ಕಂಬಿ, ಗಾರೆ ಕೂಲಿಯಲ್ಲಿ ಅಷ್ಟು ಹಣಕ್ಕೆ ಎಷ್ಟು ಮೇಲೇಳುತ್ತದೆ ಅಂತ ನಿಮ್ಮೂರ ಮೇಸ್ತ್ರಿಯನ್ನೇ ಕೇಳಿ. ಕೈಯಲ್ಲಿ ಸ್ವಂತದ್ದು ಏನೂ ಇಲ್ಲದವರೇ ಅರ್ಧಕ್ಕೆ ನಿಲ್ಲುವುದು. ಅಂದರೆ ಯಾರಿಗೆ ಮನೆ ಹೆಚ್ಚು ಬೇಕಿತ್ತೋ ಅವರದೇ ನಿಲ್ಲುತ್ತದೆ.

ನಿಂತ ಒಂದೊಂದು ಮನೆಗೂ ಕಾರಣ ಬೇರೆ. ಕೆಲವು ಕಡೆ ಹಣವೇ ಇಲ್ಲ. ಕೆಲವು ಕಡೆ ಕೆಲಸ ಆಗಿದೆ, ಆದರೆ ಆ ಹಂತದ ಜಿಪಿಎಸ್ ಫೋಟೊ ಏರಿಸಿಲ್ಲ, ಅದಕ್ಕೆ ಕಂತು ಬಂದಿಲ್ಲ. ಇನ್ನು ಕೆಲವು ಕಡೆ ಫಲಾನುಭವಿ ತೀರಿಕೊಂಡಿದ್ದಾರೆ, ಹೆಸರು ಬದಲಾಗಿಲ್ಲ. ಇಲ್ಲವೇ ಅಣ್ಣತಮ್ಮಂದಿರ ಜಗಳ, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿಲ್ಲ. ಹಣದ ಕೊರತೆ ಒಂದನ್ನು ಬಿಟ್ಟರೆ ಉಳಿದವು ಓಡಾಟದಿಂದ ಬಗೆಹರಿಯುವಂಥವು. ಸದಸ್ಯೆಯಾಗಿ ನೀವು ಪಿಡಿಒ ಮೇಜಿನ ಮುಂದೆ ಪಟ್ಟಿ ಇಟ್ಟುಕೊಂಡು ಕೂತರೆ, ವರ್ಷ ತಿರುಗುವುದರೊಳಗೆ ನಾಲ್ಕೈದು ಮನೆಗೆ ಸೂರು ಬೀಳುತ್ತದೆ. ಅದಕ್ಕೆ ಮೇಲಿಂದ ಹೊಸ ಮನೆಗಳ ಹಂಚಿಕೆಯೂ ಬೇಡ, ಶಾಸಕರ ಶಿಫಾರಸೂ ಬೇಡ.

ಜಾಗದ ದಾಖಲೆ ಇನ್ನೊಂದು ಗಂಟು. ಮನೆ ಮಂಜೂರಾದರೂ ಪಂಚಾಯಿತಿ ಕೊಡುವ ಆಸ್ತಿ ದಾಖಲೆ ಇಲ್ಲದೆ ಮುಂದೆ ಹೋಗುವುದು ಕಷ್ಟ. ಆ ದಾಖಲೆಗಳ ಕಂಪ್ಯೂಟರ್ ವ್ಯವಸ್ಥೆಯಾದ ಇ-ಸ್ವತ್ತಿನಲ್ಲಿ ಆಸ್ತಿ ಸೇರಿಸುವ ಕೆಲಸ ಪಂಚಾಯಿತಿಯದೇ. ನಿಮ್ಮ ಕಡೆ ಗೊಲ್ಲರಹಟ್ಟಿ, ತಾಂಡಾಗಳು ಜಾಸ್ತಿ ಅಲ್ವಾ? ಅಲ್ಲಿ ಜನ ಮೂರು ತಲೆಮಾರಿನಿಂದ ಇದ್ದರೂ ಎಷ್ಟೋ ಕಡೆ ಜಾಗ ಬೇರೆ ಯಾರದೋ ಹೆಸರಲ್ಲಿ ಇರುತ್ತದೆ. ಅದಕ್ಕೆಂದೇ ಭೂ ಸುಧಾರಣೆ ಕಾಯ್ದೆಗೆ 38-ಎ ಪ್ರಕರಣ ಸೇರಿಸಿ, ಹಟ್ಟಿ, ಹಾಡಿ, ತಾಂಡಾಗಳನ್ನು ಕಂದಾಯ ಗ್ರಾಮ ಮಾಡಿ ಹಕ್ಕುಪತ್ರ ಕೊಡಲು ದಾರಿ ಮಾಡಿದರು. 2023ರ ಜನವರಿಯಲ್ಲಿ ಕಲಬುರಗಿ ಕಡೆ ಮಳಖೇಡದಲ್ಲಿ ಒಂದೇ ದಿನ 50,000ಕ್ಕೂ ಹೆಚ್ಚು ಹಕ್ಕುಪತ್ರ ಹಂಚಿದ್ದು ಪೇಪರಿನಲ್ಲಿ ಬಂದಿತ್ತು. ನಿಮ್ಮ ಹಟ್ಟಿ ಆ ಪಟ್ಟಿಯಲ್ಲಿದೆಯಾ ಅಂತ ತಾಲ್ಲೂಕು ಕಚೇರಿಯಲ್ಲಿ ವಿಚಾರಿಸಿ. ಹಕ್ಕುಪತ್ರ ಬಂದರೆ ಮನೆಯ ಅರ್ಧ ಸಮಸ್ಯೆ ಕರಗುತ್ತದೆ.

ಆಯ್ಕೆ ಗ್ರಾಮಸಭೆಯಲ್ಲೇ ಆಗಬೇಕು. ಇದು ನಿಮಗೂ ಗೊತ್ತು. ಆದರೆ ನಡೆಯುವುದು ಬೇರೆ. ಹಿಂದಿನ ರಾತ್ರಿ ಯಾರದೋ ಮನೆಯಲ್ಲಿ ಹೆಸರು ಹಂಚಿಕೊಂಡಿರುತ್ತಾರೆ, ಸದಸ್ಯರಿಗೆ ತಲಾ ಎರಡು, ಮೂರು ಅಂತ. ಗ್ರಾಮಸಭೆಯಲ್ಲಿ ಓದುವುದು ಅದನ್ನೇ. ನಿಮಗೂ "ನಿಮ್ಮ ಪಾಲಿನ ಎರಡು ಹೆಸರು ಕೊಡಿ" ಅನ್ನುತ್ತಾರೆ. ಅಲ್ಲಿ ನೀವು ಎರಡು ಹೆಸರು ಕೊಟ್ಟಿರೋ, ಉಳಿದ 18ರ ಬಗ್ಗೆ ಬಾಯಿ ಬಿಡುವ ಹಕ್ಕು ಹೋಯಿತು ಅಂತಲೇ ಲೆಕ್ಕ. ಕೊಡಬೇಡಿ. ಅದರ ಬದಲು, ಸಭೆಗೆ ಒಂದು ವಾರ ಮೊದಲೇ ಅರ್ಜಿದಾರರ ಪೂರ್ತಿ ಪಟ್ಟಿಯನ್ನು ಡೇರಿ ಗೋಡೆಗೆ, ನ್ಯಾಯಬೆಲೆ ಅಂಗಡಿ ಗೋಡೆಗೆ ಅಂಟಿಸಲು ಕೇಳಿ. ಹೆಸರಿನ ಮುಂದೆ ಈಗ ಇರುವ ಮನೆ ಎಂಥದ್ದು ಅಂತ ಎರಡು ಪದ ಇರಲಿ. ಡೇರಿ ಹತ್ತಿರ ಬೆಳಿಗ್ಗೆ ಹಾಲು ಹಾಕಲು ಬಂದವರೇ ಅರ್ಧ ಪರಿಶೀಲನೆ ಮಾಡಿ ಮುಗಿಸುತ್ತಾರೆ. ಯಾವ ಅಧಿಕಾರಿಯೂ ಅಷ್ಟು ಚುರುಕಾಗಿ ಮಾಡಲಾರ.

ಕೋರಂ, ಅಂದರೆ ಸಭೆ ನಡೆಯಲು ಬೇಕಾದ ಕನಿಷ್ಠ ಹಾಜರಿ, ನೆನಪಿಟ್ಟುಕೊಳ್ಳಿ. ವಾರ್ಡ್ ಸಭೆಗೆ ಮತದಾರರ ಹತ್ತನೇ ಒಂದು ಭಾಗ ಅಥವಾ 20 ಜನ, ಯಾವುದು ಕಡಿಮೆಯೋ ಅದು. ಗ್ರಾಮಸಭೆಗೆ ಹತ್ತನೇ ಒಂದು ಭಾಗ ಅಥವಾ 100 ಜನ. ಎರಡರಲ್ಲೂ ಕನಿಷ್ಠ ಶೇ. 30 ಹೆಂಗಸರು ಇರಬೇಕು. ಮೊದಲು ವಾರ್ಡ್ ಸಭೆ, ಆಮೇಲೆ ಗ್ರಾಮಸಭೆ. ಎರಡೂ ಆರು ತಿಂಗಳಿಗೆ ಒಮ್ಮೆಯಾದರೂ ಆಗಲೇಬೇಕು. 20 ಜನ ಅಂದರೆ ಒಂದು ಸ್ತ್ರೀಶಕ್ತಿ ಸಂಘದ ವಾರದ ಸಭೆ ಅಷ್ಟೇ. ನೀವು ಮನಸ್ಸು ಮಾಡಿದರೆ ನಿಮ್ಮ ವಾರ್ಡ್ ಸಭೆ ಎಂದೂ ಕೋರಂ ಇಲ್ಲದೆ ಮುಂದೂಡುವುದಿಲ್ಲ.

ಇನ್ನು ಸುರಕ್ಷತೆ. ಈ ಪದ ಕೇಳಿದ ಕೂಡಲೇ ಪೊಲೀಸು, ಸಿಸಿ ಕ್ಯಾಮೆರಾ ಅಂತ ಯೋಚನೆ ಓಡುತ್ತದೆ. ಹಳ್ಳಿಯಲ್ಲಿ ಜೀವ ಹೋಗುವುದು ಹೆಚ್ಚಾಗಿ ಬೇರೆ ದಾರಿಯಲ್ಲಿ.

ಮೊದಲನೆಯದು ನೀರು. 2023ರಲ್ಲಿ ಯಾದಗಿರಿ, ಕೊಪ್ಪಳ, ಚಿತ್ರದುರ್ಗ ಜಿಲ್ಲೆಗಳಲ್ಲಿ ಕಲುಷಿತ ನೀರು ಕುಡಿದು ಜನ ಸತ್ತರು. ಇದು ಹೇಗಾಗುತ್ತದೆ ಗೊತ್ತಾ? ನಮ್ಮ ಊರುಗಳಲ್ಲಿ ನಲ್ಲಿ ಪೈಪು ಎಷ್ಟೋ ಕಡೆ ಚರಂಡಿಯ ಒಳಗೇ ಹಾದುಹೋಗಿರುತ್ತದೆ. ನೀರು ಬಿಟ್ಟಾಗ ಒತ್ತಡ ಇರುತ್ತದೆ, ಒಡಕಿನಿಂದ ನೀರು ಹೊರಗೆ ಚಿಮ್ಮುತ್ತದೆ. ನಿಲ್ಲಿಸಿದಾಗ ಪೈಪು ಖಾಲಿಯಾಗಿ, ಅದೇ ಒಡಕಿನಿಂದ ಚರಂಡಿ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಮರುದಿನ ಮೊದಲ ಬಿಂದಿಗೆಗೆ ಬರುವುದು ಅದೇ. ಟ್ಯಾಂಕ್ ತೊಳೆದರೂ ಇದು ಹೋಗುವುದಿಲ್ಲ. ಪೈಪನ್ನು ಚರಂಡಿಯಿಂದ ಎತ್ತಬೇಕು. ಅಲ್ಲಿಯವರೆಗೆ ಕ್ಲೋರಿನ್ ಸರಿಯಾಗಿ ಬೀಳಬೇಕು. ಅಳೆಯಬೇಕಾದ್ದು ಟ್ಯಾಂಕ್ ಹತ್ತಿರ ಅಲ್ಲ, ಕೊನೆಯ ಮನೆಯ ನಲ್ಲಿಯಲ್ಲಿ. ಅಲ್ಲಿ ಲೀಟರಿಗೆ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಪರೀಕ್ಷೆ ಕಿಟ್ ಪಂಚಾಯಿತಿಗೆ ಬಂದಿರುತ್ತದೆ, ಬೀರುವಿನಲ್ಲಿ ಹುಡುಕಿ. ಜಲಜೀವನ್ ಯೋಜನೆಯಲ್ಲಿ ಊರಿಗೆ ಐದು ಜನ ಹೆಂಗಸರಿಗೆ ಈ ಕಿಟ್ ಬಳಸುವುದನ್ನು ಕಲಿಸಬೇಕು ಅಂತ ಇದೆ. ನಿಮ್ಮೂರಲ್ಲಿ ಆ ಐವರು ಯಾರು ಅಂತ ಕೇಳಿ ನೋಡಿ.

ನಿಮ್ಮ ಸೀಮೆಗೆ ಫ್ಲೋರೈಡ್ ಕಾಟ ಬೇರೆ. ಶಿರಾ, ಪಾವಗಡ ಕಡೆಯವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಆದರೆ ಕಾಯಿಸಿದರೆ ಹೋಗುತ್ತದೆ, ಬ್ಲೀಚಿಂಗ್ ಹಾಕಿದರೆ ಹೋಗುತ್ತದೆ ಅಂತ ನಂಬಿದವರು ಇನ್ನೂ ಇದ್ದಾರೆ. ಎರಡರಿಂದಲೂ ಹೋಗುವುದಿಲ್ಲ. ಕುದಿಸಿದರೆ ನೀರು ಆವಿಯಾಗಿ ಫ್ಲೋರೈಡ್ ಇನ್ನಷ್ಟು ಗಟ್ಟಿಯಾಗುತ್ತದೆ. ಮಿತಿ ಲೀಟರಿಗೆ 1.5 ಮಿಲಿಗ್ರಾಂ. ನಿಮ್ಮ ಶುದ್ಧ ನೀರಿನ ಘಟಕ ಕೆಟ್ಟು ನಿಂತಿದ್ದರೆ ಅದರ ರಿಪೇರಿ ಸಮುದಾಯ ಭವನಕ್ಕಿಂತ ಎಷ್ಟೋ ಮುಂದೆ ಬರುತ್ತದೆ.

ಎರಡನೆಯದು ಬತ್ತಿದ ಕೊಳವೆ ಬಾವಿ. 2024ರ ಏಪ್ರಿಲ್‌ನಲ್ಲಿ ವಿಜಯಪುರ ಜಿಲ್ಲೆಯ ಲಚ್ಯಾಣದಲ್ಲಿ ಎರಡು ವರ್ಷವೂ ತುಂಬದ ಮಗು ಕೊಳವೆ ಬಾವಿಗೆ ಬಿದ್ದು, ಸುಮಾರು 20 ಗಂಟೆ ಆದ ಮೇಲೆ ಜೀವಂತ ಹೊರಬಂತು. ಊರೇ ಉಸಿರು ಬಿಟ್ಟಿತು. ಎಲ್ಲ ಮಕ್ಕಳಿಗೂ ಆ ಪುಣ್ಯ ಇರಲಿಲ್ಲ. ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ: ಕೊರೆಯುವಾಗ ಬೋರ್ಡು, ಸುತ್ತ ಬೇಲಿ, ಕೇಸಿಂಗ್ ಬಾಯಿಗೆ ಭದ್ರವಾದ ಮುಚ್ಚಳ, ಬಿಟ್ಟುಹೋದ ಬಾವಿಯನ್ನು ತಳದಿಂದ ಮೇಲಿನವರೆಗೆ ಮುಚ್ಚುವುದು. ಹಳ್ಳಿಯಲ್ಲಿ ಇದನ್ನು ನೋಡಿಕೊಳ್ಳುವ ಹೊಣೆಯಲ್ಲಿ ಪಂಚಾಯಿತಿ ಅಧ್ಯಕ್ಷರೂ ಸೇರುತ್ತಾರೆ. ನಿಮ್ಮಲ್ಲಿ ಸಾವಿರ ಅಡಿ ಕೊರೆದು ನೀರು ಬರದೆ ಬಿಟ್ಟ ಬಾವಿಗಳಿಗೆ ಬರವಿಲ್ಲ. ಎಷ್ಟೋ ಕಡೆ ಕೇಸಿಂಗ್ ಪೈಪನ್ನೂ ಕಿತ್ತುಕೊಂಡು ಹೋಗಿರುತ್ತಾರೆ, ಬಾಯಿಗೆ ಒಂದು ಗೋಣಿಚೀಲ. ಊರಿಗೆ ನೀರು ಬಿಡುವ ನೀರುಗಂಟಿಯನ್ನು ಕರೆದುಕೊಂಡು ಒಂದು ವಾರ ತಿರುಗಿದರೆ ಪಟ್ಟಿ ಆಗುತ್ತದೆ. ಮುಚ್ಚಲು ಬೇಕಾದ್ದು ಮಣ್ಣು, ಕಲ್ಲು, ನಾಲ್ಕು ಆಳು.

ಮೂರನೆಯದು ಬೆಳಕು. ಕಂಬ ಬೆಸ್ಕಾಂದು, ಬಲ್ಬು ಪಂಚಾಯಿತಿಯದು. ಈ ಒಂದು ಸಾಲಿನಲ್ಲಿ ಎಲ್ಲ ಜಗಳವೂ ಅಡಗಿದೆ. ರಾತ್ರಿ ಎಂಟಕ್ಕೆ ನಿಮ್ಮ ಬೀದಿಯ ನಾಲ್ಕು ಹೆಂಗಸರ ಜೊತೆ ಬಸ್ ಸ್ಟಾಪಿನಿಂದ ಊರೊಳಗೆ ನಡೆದು ಬನ್ನಿ. ಎಲ್ಲಿ ಮಾತು ನಿಂತು ಹೆಜ್ಜೆ ಜೋರಾಗುತ್ತದೋ ಅಲ್ಲಿ ದೀಪ ಬೇಕು. ಸದಸ್ಯರ ಮನೆ ಮುಂದೆ ಎರಡು, ದೇವಸ್ಥಾನದ ಮುಂದೆ ಮೂರು ದೀಪ ಇದ್ದು, ಹೊರಗಿನ ಕೇರಿಯ ದಾರಿ ಕತ್ತಲಲ್ಲಿರುವುದು ಸಾಮಾನ್ಯ. ಹೊಸದು ಬೇಡ, ಇರುವುದನ್ನು ಜಾಗ ಬದಲಿಸಿದರೂ ಸಾಕು. ಹಾಂ, ಹಗಲಲ್ಲೂ ಉರಿಯುವ ದೀಪ ಇದ್ದರೆ ಸ್ವಿಚ್ಚು ಹಾಕಿಸಿ, ಬಿಲ್ ಇಳಿಯುತ್ತದೆ.

ಇನ್ನು ಸಮುದಾಯ ಭವನ. ಅಧ್ಯಕ್ಷರ ಮೇಲೆ ನನಗೆ ಕೋಪ ಇಲ್ಲ. ಭವನದ ಗೋಡೆಗೆ ಕಲ್ಲು ಕೂರಿಸಿ ಹೆಸರು ಕೆತ್ತಿಸಬಹುದು. ಟ್ಯಾಂಕಿಗೆ ಬ್ಲೀಚಿಂಗ್ ಹಾಕಿದವರ ಹೆಸರನ್ನು ಯಾರೂ ಕೆತ್ತುವುದಿಲ್ಲ. ಆದರೆ ನಾನು ನೋಡಿದ ಭವನಗಳಲ್ಲಿ ಹಲವು ಈಗ ಶಾಮಿಯಾನದ ಸಾಮಾನು, ರಾಗಿ ಮೂಟೆ ಇಡುವ ಜಾಗ ಆಗಿವೆ. ಊರಿಗೆ ಸೇವೆ ಅಂದರೆ ದಿನಾ ಬಾಗಿಲು ತೆಗೆಯುವಂಥದ್ದು. ನಿಮ್ಮ ಪಂಚಾಯಿತಿ ಗ್ರಂಥಾಲಯ ದಿನಾ ತೆಗೆಯುತ್ತದಾ? ಜನ ಕಟ್ಟುವ ತೆರಿಗೆಯ ಮೇಲೆ ಶೇ. 6 ಗ್ರಂಥಾಲಯ ಕರ ಸೇರಿಯೇ ಇರುತ್ತದೆ. 2019ರಿಂದ ಈ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಇಲಾಖೆಯ ಕೈಗೆ ಬಂದಿವೆ, ಈಗ ಅರಿವು ಕೇಂದ್ರ ಅನ್ನುತ್ತಾರೆ. ಕಂಪ್ಯೂಟರ್, ಮಕ್ಕಳ ಪುಸ್ತಕ, ಪರೀಕ್ಷೆಗೆ ಓದುವ ಹುಡುಗರಿಗೆ ಮೇಜು, ಎಲ್ಲಕ್ಕೂ ಅವಕಾಶ ಇದೆ. ಕೂಸಿನ ಮನೆ ಅನ್ನುವ ಶಿಶುಪಾಲನಾ ಕೇಂದ್ರವೂ ಹಾಗೇ. 2023ರ ಬಜೆಟ್ಟಿನಲ್ಲಿ 4,000 ಪಂಚಾಯಿತಿಗಳಿಗೆ ಅಂತ ಹೇಳಿದ್ದು. ಕೂಲಿಗೆ ಹೋಗುವ ತಾಯಿ ಮಗುವನ್ನು ಬದುವಿನ ಮೇಲೆ ಮಲಗಿಸುವುದು ತಪ್ಪುತ್ತದೆ. ನಿಮ್ಮಲ್ಲಿ ಇದ್ದರೆ ಅದು ನಿಜವಾಗಿ ನಡೆಯುತ್ತಿದೆಯಾ, ಬೋರ್ಡು ಮಾತ್ರ ಇದೆಯಾ ಅಂತ ಒಂದು ದಿನ ಹೇಳದೆ ಹೋಗಿ ನೋಡಿ. ಭವನ ಬೇಕೇ ಬೇಕು ಅಂದರೆ, ಇರುವ ಹಳೆಯದಕ್ಕೆ ಹೆಂಚು ಹಾಕಿಸಿ, ಕಕ್ಕಸು ಕಟ್ಟಿಸಿ, ಅಲ್ಲೇ ಗ್ರಂಥಾಲಯ ಇಡಲು ಹೇಳಿ.

ಹಣ ಇಲ್ಲ ಅನ್ನುವುದು ಅರ್ಧ ನಿಜ. 2021ರಿಂದ 2026ರವರೆಗಿನ 15ನೇ ಹಣಕಾಸು ಆಯೋಗದ ಲೆಕ್ಕ ತೆಗೆದು ನೋಡಿ. ಆ ಅವಧಿಯಲ್ಲಿ ಬಂದ ಅನುದಾನದಲ್ಲಿ ಶೇ. 60 ಕಟ್ಟಿಹಾಕಿದ ಹಣವಾಗಿತ್ತು: ಅರ್ಧ ನೀರಿಗೆ, ಅರ್ಧ ನೈರ್ಮಲ್ಯಕ್ಕೆ. ಉಳಿದ ಶೇ. 40 ಮಾತ್ರ ಊರಿನ ಅಗತ್ಯ ನೋಡಿ ಖರ್ಚು ಮಾಡುವಂಥದ್ದಾಗಿತ್ತು, ಅದರಲ್ಲೂ ಸಂಬಳಕ್ಕೆ ಬಳಸುವ ಹಾಗಿರಲಿಲ್ಲ. ಅಂದರೆ ಕುಡಿಯುವ ನೀರಿನ ಪೈಪು ಚರಂಡಿಯಿಂದ ಎತ್ತಲು ಹಣ ಇಲ್ಲ ಅಂತ ಯಾರಾದರೂ ಅಂದರೆ, ಆ ಶೇ. 60 ಎಲ್ಲಿಗೆ ಹೋಯಿತು ಅಂತ ಕೇಳಬಹುದು. ಕೇಳಲು ಒಳ್ಳೆಯ ಸಮಯ ಜಮಾಬಂದಿ, ಅಂದರೆ ಪಂಚಾಯಿತಿಯ ಲೆಕ್ಕವನ್ನು ಜನರ ಮುಂದೆ ಪರಿಶೀಲಿಸುವ ಸಭೆ. ಅದು ವರ್ಷ ವರ್ಷ ಆಗಸ್ಟ್, ಸೆಪ್ಟೆಂಬರ್ ಹೊತ್ತಿಗೆ ನಡೆಯುತ್ತದೆ. ವೋಚರು, ಕಾಮಗಾರಿಯ ಅಳತೆ ಬರೆದ ಎಂ.ಬಿ. ಪುಸ್ತಕ ಎಲ್ಲವನ್ನೂ ಜನರ ಮುಂದೆ ಇಡಬೇಕು. ಕಾಮಗಾರಿ ಆದ ಜಾಗಕ್ಕೂ ಹೋಗಿ ನೋಡಬೇಕು.

ಹಣದ ಇನ್ನೊಂದು ಜೇಬು ಪಂಚಾಯಿತಿಯ ಸ್ವಂತ ತೆರಿಗೆ. ಇದನ್ನು ಮುಟ್ಟಲು ಸದಸ್ಯರಿಗೆ ಭಯ. ಓಟು ಹೋಗುತ್ತದೆ ಅಂತ. ನಾನು ಹೇಳುವುದು, ಬಡವರ ಹೆಂಚಿನ ಮನೆಯಿಂದ ಶುರು ಮಾಡಬೇಡಿ. ಪೆಟ್ರೋಲ್ ಬಂಕ್, ಕಲ್ಯಾಣ ಮಂಟಪ, ಮೊಬೈಲ್ ಟವರ್, ಹೈವೇ ಪಕ್ಕದ ಡಾಬಾ, ಗೋಡೌನು, ಹೊಸ ಲೇಔಟು, ಇವುಗಳ ಬಾಕಿ ಎಷ್ಟಿದೆ ಅಂತ ಬಿಲ್ ಕಲೆಕ್ಟರ್ ಹತ್ತಿರ ಪಟ್ಟಿ ತೆಗೆಸಿ. ಒಂದು ಬಂಕಿನ ಬಾಕಿ ಒಂದು ಬೀದಿಯ ಮನೆಗಳ ಬಾಕಿಗಿಂತ ಜಾಸ್ತಿ ಇರುತ್ತದೆ. ನೀರುಗಂಟಿಯ ಸಂಬಳದ ಕೊರತೆ, ದೀಪದ ರಿಪೇರಿ, ಬೋರ್‌ವೆಲ್ ಮುಚ್ಚಳ, ಇಂಥ ಸಣ್ಣ ಖರ್ಚೆಲ್ಲ ಇಲ್ಲಿಂದಲೇ ಹೊರಡಬೇಕು.

ಹಾಗಾದರೆ ನಿಮ್ಮ ಕ್ರಮ ಏನು? ನಾನಾದರೆ ಮೊದಲ ತಿಂಗಳು ಕೊನೇ ಮನೆಯ ನಲ್ಲಿ ನೀರು ಮತ್ತು ಬತ್ತಿದ ಬಾವಿ, ಇವೆರಡನ್ನೇ ಹಿಡಿಯುತ್ತಿದ್ದೆ. ಜೀವದ ಪ್ರಶ್ನೆ, ಕಾಯಲು ಆಗದು. ಆಮೇಲೆ ದೀಪ, ಅದರ ಜೊತೆಗೇ ಅರ್ಧಕ್ಕೆ ನಿಂತ ಮನೆಗಳ ಓಡಾಟ. 20 ಮನೆಯ ಆಯ್ಕೆ ವಾರ್ಡ್ ಸಭೆಯ ಪಟ್ಟಿ ಸಿದ್ಧವಾದ ಮೇಲೆ. ಭವನ ಕೊನೆಗೆ. ಬಾಗಿಲಿಗೆ ಬಂದವರಿಗೆ "ನೋಡೋಣ" ಅನ್ನಬೇಡಿ. "20 ಬಂದಿವೆ, ನಿಮಗಿಂತ ಮುಂದೆ ಇಷ್ಟು ಜನ ಇದ್ದಾರೆ, ಪಟ್ಟಿ ಡೇರಿ ಗೋಡೆಯ ಮೇಲಿದೆ" ಅನ್ನಿ. ಮೊದಲು ಬೈಯುತ್ತಾರೆ. ಎರಡನೇ ವರ್ಷ ಆ ಗೋಡೆಯ ಹತ್ತಿರ ಹೋಗಿ ನೋಡಿ ಬರುತ್ತಾರೆ, ನಿಮ್ಮ ಬಾಗಿಲಿಗೆ ಬರುವುದು ಕಡಿಮೆಯಾಗುತ್ತದೆ.

ಸಹಿಯ ವಿಷಯ. ಖಾಲಿ ನಡವಳಿ ಪುಸ್ತಕಕ್ಕೆ ಸಹಿ ಮಾಡಬೇಡಿ, ಎಷ್ಟೇ ತಡವಾದರೂ ಸರಿ. ಹಾಜರಿಗೆ ಸಹಿ ಬೇರೆ, ನಡವಳಿಗೆ ಸಹಿ ಬೇರೆ. ಎರಡನ್ನೂ ಒಂದೇ ಹಾಳೆಯಲ್ಲಿ ಹಾಕಿಸಿಕೊಳ್ಳುವ ರೂಢಿ ಕೆಲವು ಕಡೆ ಇದೆ. ನಿರ್ಣಯವನ್ನು ಸಭೆಯಲ್ಲೇ ಬರೆಯಲಿ, ಬರೆದದ್ದನ್ನು ಗಟ್ಟಿಯಾಗಿ ಓದಲಿ. ಓದಿದ ಮೇಲೆ ಕೊನೇ ಸಾಲಿಗೆ ಅಂಟಿಕೊಂಡೇ, ನಡುವೆ ಒಂದು ಸಾಲಿನಷ್ಟೂ ಜಾಗ ಬಿಡದೆ, ಅಡ್ಡಗೆರೆ ಎಳೆದು ಅದರ ಕೆಳಗೆ ಸಹಿ ಹಾಕಿ, ತಾರೀಕು ಬರೆಯಿರಿ. ಮೊಬೈಲಿನಲ್ಲಿ ಆ ಪುಟದ ಒಂದು ಫೋಟೊ ತೆಗೆದುಕೊಂಡು ಮನೆಗೆ ಹೋಗಿ.